ಎರಡು ವಾಟಿನ ಸದ್ದು

ಎರಡು ವಾಟ್ ಸಾಕು ಎಂದಾಗ ಅಪ್ಪ ನನ್ನನ್ನು ಕನಿಕರದಿಂದ ನೋಡಿದ. ಮೊಳಕಾಲ್ಮೂರಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟವನು ಅವನು. ಮದುವೆಯವರು ಐವತ್ತು ವಾಟಿನ ಆಂಪ್ಲಿಫೈಯರ್ ಕೇಳಿದರೆ ನೂರರದ್ದು ಹೊತ್ತೊಯ್ಯುವುದು ಅವನ ಪದ್ಧತಿ. ಬಯಲಿನಲ್ಲಿ ಅರ್ಧ ಸದ್ದನ್ನು ಗಾಳಿಯೇ ತಿನ್ನುತ್ತದೆ ಎನ್ನುವುದು ಅವನ ಲೆಕ್ಕ.

“ಎರಡು ವಾಟ್ ಯಾವ ಮೂಲೆಗವ್ವ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,” ಎಂದ.

“ಇದು ಇರುವೆ ಹೊಟ್ಟೆ ಕಣಪ್ಪ,” ಎಂದೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ನನ್ನ ಸಂಶೋಧನೆಗೆಂದು ಗುರುಗಳು ಒಂದು ಮಾಡ್ಯುಲೇಟರನ್ನು ಎರವಲು ಕೊಟ್ಟಿದ್ದರು. ಅದರೊಳಗೆ ಇರುವುದು ಕಲ್ಲುಸಕ್ಕರೆಯಂಥ ಒಂದು ಹರಳು. ಸೆಕೆಂಡಿಗೆ ಎಂಟು ಕೋಟಿ ಸಲ ಅದುರುವ ವಿದ್ಯುತ್ತನ್ನು ಕೊಟ್ಟರೆ ಹರಳಿನೊಳಗೆ ಶಬ್ದದ ಅಲೆ ಏಳುತ್ತದೆ. ಹಾದುಹೋಗುವ ಲೇಸರ್ ಬೆಳಕು ಆ ಅಲೆಗೆ ತಾಗಿ ಸ್ವಲ್ಪ ಪಕ್ಕಕ್ಕೆ ಹೊರಳಿ, ಗೋಡೆಯ ಮೇಲೆ ಎರಡನೇ ಚುಕ್ಕಿ ಮೂಡಿಸುತ್ತದೆ. ಶಬ್ದವೆನ್ನುವುದು ಹೆಸರಿಗಷ್ಟೇ, ಮನುಷ್ಯರ ಕಿವಿಗಿರಲಿ, ನಾಯಿಯ ಕಿವಿಗೂ ಅದು ಕೇಳಿಸುವುದಿಲ್ಲ. ಶಕ್ತಿ ಸಾಲದಿದ್ದರೆ ಚುಕ್ಕಿ ಕಾಣದು, ಎರಡು ವಾಟಿನ ಮಿತಿ ಮೀರಿದರೆ ಹರಳು ಕಾದು ಸೀಳುತ್ತದೆ. ಅಂಥ ಇನ್ನೊಂದು ನನಗೆ ಸಿಗುವಂತಿರಲಿಲ್ಲ.

ಅಪ್ಪನ ಮೈಕ್ ಸೆಟ್ಟಿಗೆ ಅಷ್ಟು ವೇಗ ನಿಲುಕದು. ಕೇಬಲ್ ಟಿ.ವಿ.ಯವರ ಪೆಟ್ಟಿಗೆಗೆ ನಿಲುಕುತ್ತದೆ, ಆದರೆ ಅದರಲ್ಲಿ ಕಸುವಿಲ್ಲ. ಕೊನೆಗೆ ಗುಜರಿಯಲ್ಲಿ ಸಿಕ್ಕ ಹಳೆಯ ವೈರ್‌ಲೆಸ್ ಸೆಟ್ಟಿನ ಆಂಪ್ಲಿಫೈಯರನ್ನು ಆರಿಸಿದೆ. ಅದು ಹತ್ತು ವಾಟಿನದು, ತಗ್ಗಿಸಿ ಬಳಸಬೇಕು. ಹತ್ತು ಎಂದು ಕೇಳಿ ಅಪ್ಪನಿಗೆ ಕೊಂಚ ಸಮಾಧಾನವಾಯಿತು. ತಗ್ಗಿಸಲು ಮೈಕ್ ಸೆಟ್ಟಿನಲ್ಲಿರುವಂಥದೇ ಒಂದು ಗುಂಡಿಯನ್ನು ಅವನೇ ಕೂರಿಸಿದ.

ಬೆಸುಗೆಯ ಕೆಲಸವನ್ನೆಲ್ಲ ಬೇಕೆಂದೇ ಅವನಿಗೆ ಬಿಟ್ಟಿದ್ದೆ. ಅವ್ವ ಹೇಳಿದ್ದಳು: “ನಿಮ್ಮಪ್ಪನ್ನ ಯಾರೂ ಕರೀತಿಲ್ಲ. ಕಿವಿ ಮಂದ ಆಗೈತೆ ಅಂತ ಊರೆಲ್ಲ ಮಾತು. ಮದುವೆಗೆ ರಾಯದುರ್ಗದಿಂದ ಸೆಟ್ ತರಿಸ್ತಾರೆ.” ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಮೈಕಿನವನಿಗೆ ಕಿವಿಯೇ ಅನ್ನ; ಕೇಳಿಸದು ಎಂದು ಒಪ್ಪಿಕೊಂಡ ದಿನ ಅಂಗಡಿ ಬಾಗಿಲು ಹಾಕಬೇಕು. ಈ ಒಂದು ಕೆಲಸವಾದರೂ ಅವನ ಕೈಯಿಂದ ಸರಿಹೋಗಲಿ ಎಂದು ನನಗೆ ಆಸೆ, ಅವನಿಗೆ ಹಟ.

ಭಾನುವಾರ ಇಬ್ಬರೂ ಬಸ್ಸು ಹತ್ತಿ ಚಳ್ಳಕೆರೆಗೆ ಹೊರಟೆವು. ಈ ಶಬ್ದ ಯಾರಿಗೂ ಕೇಳಿಸುವುದಿಲ್ಲ, ಗುಂಡಿಯನ್ನು ನಿಧಾನವಾಗಿ ತಿರುಗಿಸು, ಸಾಕು ಅಂದ ಕೂಡಲೇ ನಿಲ್ಲಿಸು ಎಂದು ಕಿಟಕಿಯಾಚೆ ನೋಡುತ್ತಲೇ ವಿವರಿಸಿದೆ. ಅಪ್ಪ ನಡುನಡುವೆ ತಲೆಯಾಡಿಸಿದ.

ಚುಕ್ಕಿ ಕಾಣಲು ಕತ್ತಲೆ ಬೇಕು. ಪ್ರಯೋಗಾಲಯದ ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು, ಗೋಡೆಗೆ ಮುಖ ಮಾಡಿ ನಿಂತೆ. ನನ್ನ ಬೆನ್ನ ಹಿಂದೆ ಅಪ್ಪ ಗುಂಡಿ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಎರಡನೇ ಚುಕ್ಕಿ ಮೂಡಿತು. ಹಿಗ್ಗಿಗೆ ಮೈ ಜುಮ್ಮೆಂದಿತು.

“ಸಾಕಪ್ಪ,” ಎಂದೆ.

ಚುಕ್ಕಿ ಇನ್ನೂ ಬೆಳಗಿತು. “ಸಾಕು, ಬಿಡು,” ಎಂದೆ. ಅದು ಮಂಕಾಗತೊಡಗಿತು. ಗಟ್ಟಿಯಾಗಿ ಕೂಗಿ ಹಿಂದಕ್ಕೆ ತಿರುಗುವಷ್ಟರಲ್ಲಿ ಗೋಡೆಯ ಮೇಲೆ ಮೊದಲಿನ ಒಂದೇ ಚುಕ್ಕಿ ಉಳಿದಿತ್ತು.

ಹೋಗಿ ಕಿಟಕಿಯ ಬಟ್ಟೆ ಸರಿಸಿದೆ. ಗುಂಡಿ ಪೂರ್ತಿ ಬಲಕ್ಕೆ ಬಂದಿತ್ತು. ಹರಳಿನಲ್ಲಿ ಅಡ್ಡಕ್ಕೆ ಸೀಳು ಬಿದ್ದಿತ್ತು. ಸಿಟ್ಟು ನೆತ್ತಿಗೇರಿ, ಬಾಯಿಗೆ ಬಂದದ್ದನ್ನು ಅನ್ನಲು ಅವನ ಕಡೆ ತಿರುಗಿದೆ.

ಅಪ್ಪ ಹರಳಿನ ಹತ್ತಿರಕ್ಕೆ ಬಗ್ಗಿ ಕಿವಿಗೊಟ್ಟಿದ್ದ. ಸದ್ದು ಬರಲಿಲ್ಲವೆಂದೇ ಹೆಚ್ಚಿಸುತ್ತಾ ಹೋಗಿದ್ದಾನೆ, ಬಾರದ ಸದ್ದಿಗೆ ತನ್ನ ಕಿವಿಯನ್ನೇ ಬೈದುಕೊಂಡಿದ್ದಾನೆ. ಇಷ್ಟು ದಿನ ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಿದ್ದವನಿಗೆ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಹೇಳಿದ್ದಾಗಲಿ, ಕತ್ತಲೆಯಲ್ಲಿ ಕೂಗಿದ್ದಾಗಲಿ ನನ್ನ ಒಂದು ಮಾತೂ ಮುಟ್ಟಿರಲಿಲ್ಲ. ನಾನು ನೋಡುತ್ತಿರುವುದು ಕಂಡು ಅವನು ತಲೆ ಎತ್ತಿದ.

“ಈಗ ಕೇಳ್ತೈತವ್ವ,” ಎಂದ. “ಚೆನ್ನಾಗಿ ಬರ್ತೈತೆ.”

ಸಿಟ್ಟು ಎಲ್ಲಿ ಹೋಯಿತೋ. ಅವನೆದುರು ಕೂತು, ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

“ಹೂನಪ್ಪ. ನನಗೂ ಕೇಳ್ತೈತೆ.”