ಇಡ್ವಾಲ್ ಲಾರಿ ಹತ್ತಿದ್ದು

ಗಾಡಿ ಕೆಟ್ಟು ರಸ್ತೆ ಬದಿಯಲ್ಲಿ ನಿಂತ ಗಂಡಸಿನ ಮುಖ ಹೇಗಿರುತ್ತದೆಂದು ನೋಡಬೇಕಾದರೆ ಡೆಲಿತ್ ಪ್ರೋಬರ್ಟ್ ಜೊತೆ ಅವಳ ಲಾರಿಯಲ್ಲಿ ಒಂದು ದಿನ ಕೂತು ಬರಬೇಕು. ಅದರಲ್ಲೂ ಮೋಟರ್‌ಸೈಕಲ್ಲಿನವರ ಮುಖ! ಕಾರಿನವರಾದರೆ ಬೆಚ್ಚಗೆ ಒಳಗೆ ಕೂತು ರೇಡಿಯೋ ಕೇಳುತ್ತ ಕಾಯುತ್ತಾರೆ. ಮೋಟರ್‌ಸೈಕಲ್ಲಿನವನು ಮಾತ್ರ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದರೂ ಗಾಡಿಯ ಪಕ್ಕ ಮಂಡಿಯೂರಿ, ಯಾವುದೋ ತಿರುಪನ್ನು ಸುಮ್ಮನೆ ತಿರುಗಿಸುತ್ತಿರುತ್ತಾನೆ. ಲಾರಿ ಬಂದು ನಿಂತರೆ, ತಾನೇ ಫೋನು ಮಾಡಿ ಕರೆಸಿದವನು, ಇದ್ಯಾಕಪ್ಪ ಬಂತು ಅನ್ನುವ ಹಾಗೆ ನೋಡುತ್ತಾನೆ. ಡೆಲಿತ್ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ಮೊದಲು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಾಳೆ. ಅವನು ಅರ್ಧ ಕುಡಿದ ಮೇಲೆ "ಏನಾಯ್ತಪ್ಪ?" ಅನ್ನುತ್ತಾಳೆ.

ವೇಲ್ಸಿನ ನಡುಬೆಟ್ಟಗಳಲ್ಲಿ ಪಾಂಟ್‌ಗೋಖ್ ಅನ್ನುವುದು ಒಂದು ಸೇತುವೆ, ಒಂದು ಪಬ್ಬು, ಒಂದು ಪ್ರಾರ್ಥನಾಮಂದಿರ, ಮತ್ತೆ ಡೆಲಿತ್‌ಳ ಗ್ಯಾರೇಜು. ಗ್ಯಾರೇಜು ಅಪ್ಪನದು, ಲಾರಿ ಇವಳದು. ಗಂಡ ಅನ್ನುವವನೊಬ್ಬನಿದ್ದ. ಒಂದು ದಿನ ಕಾರ್ಡಿಫ್‌ಗೆ ಹೋದವನು ಅಲ್ಲೇ ಉಳಿದ. ಪೀಡೆ ತೊಲಗಿತು ಅಂತ ಅವಳು ಅದೇ ವಾರ ಅವನ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಲಾರಿ ತಂದು ನಿಲ್ಲಿಸಿದಳು. ಕೆಟ್ಟ ಗಾಡಿಗಳನ್ನು ಹೊತ್ತೊಯ್ಯಲೆಂದೇ ಹಿಂದಿನ ಹಾಸು ಜಾರಿ ನೆಲದವರೆಗೆ ಇಳಿಯುವಂಥ ಲಾರಿ. ಎಂಥ ಗಾಡಿಯಾದರೂ ಸರಿ, ತಂತಿ ಹಗ್ಗ ಕಟ್ಟಿ ಮೇಲಕ್ಕೆ ಎಳೆದು, ನಾಲ್ಕು ಕಡೆ ಪಟ್ಟಿ ಬಿಗಿದಳೆಂದರೆ ಮುಗಿಯಿತು. ಕೊನೆಗೆ ಹ್ಯಾಂಡಲ್ ಹಿಡಿದು ಗಾಡಿಯನ್ನೊಮ್ಮೆ ಜಗ್ಗಿ ಅಲ್ಲಾಡಿಸುತ್ತಾಳೆ. ಗಾಡಿಯ ಜೊತೆ ಇಡೀ ಲಾರಿ ಅಲ್ಲಾಡಿದರೆ ಪಟ್ಟಿ ಸರಿಯಾಗಿದೆ ಅಂತ ಲೆಕ್ಕ. ಅವಳ ಲಾರಿಯಿಂದ ಇವತ್ತಿನವರೆಗೆ ಒಂದು ಗಾಡಿಯೂ ಬಿದ್ದಿಲ್ಲ. ಇದನ್ನು ಯಾರಾದರೂ ಕೇಳಲಿ ಬಿಡಲಿ ಅವಳೇ ಹೇಳುತ್ತಾಳೆ, ಹೇಳಲಿ ಬಿಡಿ, ನಿಜ ತಾನೆ!

ಆ ಶುಕ್ರವಾರ ಊರಿನ ಇಡ್ವಾಲ್‌ನ ಅಂತ್ಯಕ್ರಿಯೆ. ಇಡ್ವಾಲ್ ಎಂದರೆ ಆ ಕಣಿವೆಯ ಮೋಟರ್‌ಸೈಕಲ್ ಸವಾರರಿಗೆಲ್ಲ ಹಿರಿಯಣ್ಣ. ಎದೆನೋವು ಬಂದು, ಗಾಡಿ ಒರೆಸುತ್ತಿದ್ದವನು ಒರೆಸುವ ಬಟ್ಟೆ ಕೈಯಲ್ಲಿರುವಾಗಲೇ ಹೋಗಿಬಿಟ್ಟ. ಅವನನ್ನು ಕರಿ ಕಾರಿನಲ್ಲಿ ಸಾಗಿಸಿದರೆ ಸವಾರರು ಬಿಡುತ್ತಾರೆಯೇ? ಮೋಟರ್‌ಸೈಕಲ್ಲಿಗೆ ಸೈಡ್‌ಕಾರಿನ ಬದಲು ಗಾಜಿನ ಉದ್ದ ಪೆಟ್ಟಿಗೆ ಜೋಡಿಸಿದ ಶವವಾಹನವನ್ನು ಗೊತ್ತು ಮಾಡಿದರು. ಅದರ ಹಿಂದೆ ಅರವತ್ತು ಮೋಟರ್‌ಸೈಕಲ್ಲುಗಳು. ಕಡಲ ದಂಡೆಯ ಆಬರ್ ಪಟ್ಟಣದ ಚಿತಾಗಾರದಲ್ಲಿ ಎರಡೂವರೆಗೆ ಸರದಿ ಸಿಕ್ಕಿತ್ತು. ಅಲ್ಲಿ ಒಬ್ಬರ ಹಿಂದೆ ಒಬ್ಬರು, ವಾರಗಟ್ಟಲೆ ಕಾಯಬೇಕು. ಸರದಿ ತಪ್ಪಿದರೆ ಇನ್ನು ಮುಂದಿನ ವಾರವೇ.

ಡೆಲಿತ್ ಮೆರವಣಿಗೆಗೆ ಹೋಗಲಿಲ್ಲ. ಇಡ್ವಾಲ್‌ನ ಹೆಂಡತಿ ಎಲುನೆಡ್‌ಗೆ ಹಿಂದಿನ ದಿನವೇ ಹೇಳಿದ್ದಳು: "ಅರವತ್ತು ಗಾಡಿ ಒಟ್ಟಿಗೆ ಹೊರಟ್ರೆ ಒಂದಾದ್ರೂ ಕೈಕೊಡುತ್ತೆ ಕಣೇ. ನಾನು ಲಾರಿ ಹತ್ರಾನೇ ಇರ್ತೀನಿ. ಬೇಜಾರು ಮಾಡ್ಕೋಬೇಡ."

ಊಟದ ಹೊತ್ತಿಗೆ, ಕೆಟ್ಟ ಗಾಡಿಗಳ ಕರೆ ತೆಗೆದುಕೊಳ್ಳುವ ಕಂಟ್ರೋಲ್ ರೂಮಿನ ಹುಡುಗಿ ಫೋನು ಮಾಡಿದಳು.

"ಡೆಲಿತ್, ಬೆಟ್ಟದ ಹಳೇ ರಸ್ತೇಲಿ ಒಂದು ಪಂಕ್ಚರ್. ಮೋಟರ್‌ಸೈಕಲ್, ಪಕ್ಕದಲ್ಲಿ ಏನೋ ಜೋಡಿಸಿದ್ದಾರಂತೆ. ಒಬ್ಬ ಸವಾರ, ಒಬ್ಬ ಪ್ರಯಾಣಿಕ. ಪ್ರಯಾಣಿಕರಿಗೆ ಇಳಿಯೋಕಾಗಲ್ವಂತೆ."

"ಯಾಕೆ, ಪೆಟ್ಟಾಗಿದೆಯಾ?"

"ಇಲ್ಲ... ಅದು... ಅವರು ತೀರ್ಕೊಂಡು ಎರಡು ವಾರ ಆಯ್ತಂತೆ."

"ಅಯ್ಯೋ ದೇವರೇ!" ಎಂದು ಡೆಲಿತ್ ತಟ್ಟೆಯಲ್ಲಿದ್ದ ಬೇಕನ್ ರೋಲನ್ನು ಅಲ್ಲೇ ಬಿಟ್ಟು ಎದ್ದಳು.

ಹಳೇ ರಸ್ತೆ ಎಂದು ಕೇಳಿದಾಗಲೇ ಅವಳಿಗೆ ಅರ್ಧ ಅರ್ಥವಾಗಿತ್ತು. ದೊಡ್ಡ ರಸ್ತೆಯಲ್ಲಿ ಹೋಗುವುದೆಂದು ಮಾತಾಗಿತ್ತು. ಆದರೆ ಸತ್ತವನಿಗೆ ಇಷ್ಟವಾದ ದಾರಿಯಲ್ಲೇ ಕೊನೆಯ ಸವಾರಿ ಮಾಡಿಸಬೇಕೆಂಬುದು ಈ ಸವಾರರ ವಾಡಿಕೆ. ಇಡ್ವಾಲ್‌ಗೆ ಬೆಟ್ಟದ ಹಳೇ ರಸ್ತೆಯೆಂದರೆ ಪ್ರಾಣ. ಹೊರಡುವ ಗಳಿಗೆಯಲ್ಲಿ ಯಾರೋ ಎಡಕ್ಕೆ ಕೈ ತೋರಿಸಿದ್ದಾರೆ, ಅರವತ್ತೂ ಎಡಕ್ಕೆ ತಿರುಗಿವೆ. ಸೆಪ್ಟೆಂಬರಿನಲ್ಲಿ ಆ ರಸ್ತೆಯ ಬೇಲಿ ಸವರುತ್ತಾರೆ ಎಂಬುದು ಒಬ್ಬರಿಗೂ ನೆನಪಾಗಿಲ್ಲ. ಹಿಂದಿನ ದಿನ ಟ್ರ್ಯಾಕ್ಟರು ಬಂದು ಕರಿಮುಳ್ಳಿನ ಬೇಲಿಯನ್ನು ಕತ್ತರಿಸಿ ಹೋಗಿತ್ತು. ಬೆರಳುದ್ದದ ಮುಳ್ಳುಗಳು ದಾರಿಯ ತುಂಬ ಬಿದ್ದಿದ್ದವು. ಅರವತ್ತರಲ್ಲಿ ಒಂದಕ್ಕೂ ಚುಚ್ಚದೆ ಶವವಾಹನದ ಹಿಂದಿನ ಚಕ್ರಕ್ಕೇ ಚುಚ್ಚಬೇಕೇ! ಹಣೆಬರಹ ಅಂದರೆ ಇದು.

ಡೆಲಿತ್ ಹೋಗಿ ನೋಡಿದರೆ ಜಾತ್ರೆ ನೆರೆದ ಹಾಗಿತ್ತು. ಕರಿ ಚರ್ಮದ ಅಂಗಿ ತೊಟ್ಟ ಅರವತ್ತು ಜನ ಒಂದು ಟೈರಿನ ಸುತ್ತ ನಿಂತಿದ್ದರು. ಟೈರಿನಿಂದ ಬಿಳಿ ನೊರೆ ಬಳಬಳ ಸುರಿಯುತ್ತಿತ್ತು. ಶವವಾಹನ ಓಡಿಸುವ ಕ್ಲೈವ್, ಬರ್ಮಿಂಗ್‌ಹ್ಯಾಮಿನ ಕಡೆಯ ಸಂಭಾವಿತ, ಹೆಲ್ಮೆಟ್ಟನ್ನು ಎದೆಗವಚಿಕೊಂಡು ಅಳುಮುಖ ಮಾಡಿಕೊಂಡಿದ್ದ.

"ಯಾರು ನೊರೆ ಹಾಕಿದ್ದು?" ಎಂದಳು ಡೆಲಿತ್.

ಕ್ಲೈವ್ ಸಣ್ಣ ದನಿಯಲ್ಲಿ, "ಎಲ್ಲರೂ ಮೇಡಂ" ಎಂದ. "ಪಂಕ್ಚರ್ ಮುಚ್ಚೋ ಡಬ್ಬಿ ಎಲ್ಲರ ಹತ್ರಾನೂ ಇತ್ತು. ನಂದು ಒಳ್ಳೇದು, ನಂದು ಒಳ್ಳೇದು ಅಂತ ಒಬ್ಬರಾದ ಮೇಲೊಬ್ಬರು ತುಂಬಿಸಿದ್ರು. ಆಮೇಲೆ ನೊರೆ ಒಳಗೆಲ್ಲ ಹರಡ್ಲಿ, ಸ್ವಲ್ಪ ದೂರ ಓಡಿಸಿ ಅಂದ್ರು. ಓಡಿಸಿದೆ."

"ಗಾಳಿ ಇಲ್ಲದ ಟೈರ್ ಮೇಲಾ? ಹೆಣದ ಪೆಟ್ಟಿಗೆ ಹೊತ್ಕೊಂಡಾ?"

"ಗೆತಿನ್ ಅವರು ಹೇಳಿದ್ರು."

ಗೆತಿನ್ ಎಂಬುವನು ಇಡ್ವಾಲ್‌ನ ಬಲಗೈ ಬಂಟ. ಗಡ್ಡ ಎದೆಯವರೆಗೆ, ದನಿ ಕಣಿವೆಯ ಆಚೆಯವರೆಗೆ. ಅವನು ಈಗ ಬೇಲಿಯ ಕಡೆ ನೋಡುತ್ತಿದ್ದ.

ಡೆಲಿತ್ ಬಗ್ಗಿ ನೋಡಿದಳು. ಮುಳ್ಳೊಂದೇ ಆಗಿದ್ದರೆ ಕಿತ್ತು, ರಬ್ಬರಿನ ಬತ್ತಿ ತೂರಿಸಿ, ಗಾಳಿ ಹಾಕಿ ಚಹಾ ಆರುವುದರೊಳಗೆ ಕಳಿಸಿಬಿಡುತ್ತಿದ್ದಳು. ಈಗ ಟೈರಿನ ಪಕ್ಕೆಯನ್ನು ಚಕ್ರದ ಅಂಚೇ ಅಗಿದು ಹಾಕಿತ್ತು. "ಇದು ಹೋಯ್ತು. ಬ್ರಹ್ಮ ಬಂದ್ರೂ ಆಗಲ್ಲ" ಎಂದು ಎದ್ದಳು. ಹೀಗೆ ಕನ್ನಡದಲ್ಲಿ ಅನ್ನಲಿಲ್ಲ ಬಿಡಿ, ಅವಳು ವೆಲ್ಶ್ ಭಾಷೆಯಲ್ಲಿ ಅಂದದ್ದು ಇದಕ್ಕಿಂತ ಖಾರವಾಗಿತ್ತು.

"ಲಾರಿಗೆ ಹಾಕ್ತೀನಿ. ಇಡೀ ಗಾಡಿ, ಪೆಟ್ಟಿಗೆ ಸಮೇತ. ಈಗ ಹೊರಟ್ರೆ ಎರಡೂವರೆಗೆ ಆಬರ್."

ಅಷ್ಟಂದದ್ದೇ ತಡ, ಗದ್ದಲ ಎದ್ದಿತು. ಗೆತಿನ್ ಮುಂದೆ ಬಂದು ದಾರಿಗೆ ಅಡ್ಡ ನಿಂತ. "ಆಗಲ್ಲ ಡೆಲಿತ್! ಇಡ್ವಾಲ್ ನಿನ್ನ ಲಾರಿ ಹತ್ತಿದೋನಲ್ಲ. ಜೀವ ಇರೋವರೆಗೂ ಹತ್ತಲ್ಲ ಅಂತಿದ್ದ. ಎಷ್ಟು ಸಲ ಪಂಕ್ಚರ್ ಆಗಿಲ್ಲ ಅವನಿಗೆ? ಎಷ್ಟು ಸಲ ಚೈನ್ ಕಿತ್ಕೊಂಡಿಲ್ಲ? ಎಲ್ಲಾನೂ ರಸ್ತೇಲೇ ತಾನೇ ಸರಿ ಮಾಡ್ಕೊಂಡ್ ಬಂದ. ಇವತ್ತು ಅವನನ್ನ ಕೆಟ್ಟ ಗಾಡಿ ಹೇರ್ಕೊಂಡು ಹೋದ ಹಾಗೆ ಹೇರ್ಕೊಂಡು ಹೋಗ್ತೀಯಾ?"

"ಮತ್ತೇನು ಮಾಡ್ತೀಯಪ್ಪ? ಹೇಳು."

"ತಳ್ತೀವಿ."

"ಎರಡು ಬೆಟ್ಟ ಇದೆ ಮಧ್ಯೆ."

"ಹಾಗಾದ್ರೆ ಇನ್ನೊಂದು ವಾರ ಕಾಯ್ತೀವಿ! ಹೊಸ ಟೈರ್ ಬರ್ಲಿ. ಮರ್ಯಾದೆಯಿಂದ ಹೋಗ್ಲಿ ಅವನು."

ಹೌದು ಹೌದು ಎಂದು ಹಿಂದಿನಿಂದ ದನಿಗಳು ಸೇರಿದವು. ಡೆಲಿತ್‌ಗೆ ಸಿಟ್ಟು ನೆತ್ತಿಗೇರಿತು. ಆದರೂ ಹಲ್ಲು ಕಚ್ಚಿಕೊಂಡಳು. ಇದು ತಾನು ತೀರ್ಮಾನಿಸುವ ಮಾತಲ್ಲ. ಎಲುನೆಡ್ ಎಲ್ಲಿ ಎಂದು ಹುಡುಕಿದಳು. ಅವಳು ಗಾಜಿನ ಪೆಟ್ಟಿಗೆಯ ಆಚೆ ಬದಿಯಲ್ಲಿ, ಕರಿ ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ ಒಬ್ಬಳೇ ನಿಂತಿದ್ದಳು. ಅಷ್ಟು ಜನರಲ್ಲಿ ಒಬ್ಬನಾದರೂ ಅವಳನ್ನು ಕೇಳಿರಲಿಲ್ಲ.

"ಎಲುನೆಡ್, ನೀನು ಹೇಳು. ಲಾರಿನಾ, ಮುಂದಿನ ವಾರನಾ? ನೀನು ಹೇಳಿದ ಹಾಗೆ."

"ಹತ್ತಿಸು" ಎಂದಳು ಎಲುನೆಡ್.

ಗೆತಿನ್ ಬಾಯಿ ತೆರೆದ. ಎಲುನೆಡ್ ಅವನ ಕಡೆ ತಿರುಗಿದಳು.

"ಜೀವ ಇರೋವರೆಗೂ ಹತ್ತಲ್ಲ ಅಂದಿದ್ದ, ಹತ್ತಲಿಲ್ಲ. ಮಾತು ಉಳಿಸ್ಕೊಂಡ. ಆಯ್ತಲ್ಲ? ಈಗ ನನ್ನ ಮಾತು ಕೇಳು. ಅವನು ರಸ್ತೇಲಿ ಪಂಕ್ಚರ್ ಹಾಕ್ಕೊಂಡು ಬಂದ ಅಂತ ನೀವೆಲ್ಲ ಪಬ್ಬಲ್ಲಿ ಹಾಡಿ ಹೊಗಳ್ತಿದ್ರಲ್ಲ, ಆ ಹೊತ್ತಲ್ಲೆಲ್ಲ ನಾನೆಲ್ಲಿದ್ದೆ ಗೊತ್ತಾ ನಿಂಗೆ? ಅಡುಗೆಮನೆ ಕಿಟಕಿ ಹತ್ರ. ಏಳಕ್ಕೆ ಬರ್ತೀನಿ ಅಂದೋನು ಹನ್ನೊಂದಾದ್ರೂ ಇಲ್ಲ. ಜೇಬಲ್ಲಿ ಫೋನಿತ್ತು, ಮಾಡ್ತಿರ್ಲಿಲ್ಲ. ಮಾಡಿದ್ರೆ ಸಹಾಯ ಕೇಳಿದ ಹಾಗಾಗುತ್ತಲ್ಲ! ಪ್ರತಿ ಸಲಾನೂ ಸತ್ತೇ ಹೋದ ಅಂದ್ಕೊಂಡಿದ್ದೀನಿ ಗೆತಿನ್. ಪ್ರತಿ ಸಲ. ಬಂದು, ಕೈ ತುಂಬ ಮಸಿ ಮಾಡ್ಕೊಂಡು, ನಗ್ತಾ ನಿಂತ್ಕೋತಿದ್ದ. ಇನ್ನು ನಂಗೆ ಕಾಯೋಕಾಗಲ್ಲ. ವಾರ ಅಲ್ಲ, ಒಂದು ಗಂಟೇನೂ ಕಾಯಲ್ಲ."

ಗೆತಿನ್ ದಾರಿ ಬಿಟ್ಟು ಬೇಲಿಯ ಕಡೆ ಸರಿದ. ಡೆಲಿತ್ ಲಾರಿಯ ಹಾಸನ್ನು ಇಳಿಸಿದಳು.

ಕ್ಲೈವ್‌ಗೆ ಇನ್ನೊಂದು ಚಿಂತೆ. "ಮೇಡಂ, ಹೇರೋ ಗಾಡಿ ಒಳಗೆ ಯಾರೂ ಕೂತಿರಬಾರದು ಅಂತ ನಿಯಮ ಇದೆಯಲ್ಲ. ಇವರು ಲೆಕ್ಕಕ್ಕೆ ಬರ್ತಾರಾ?" ಡೆಲಿತ್ ಕಂಟ್ರೋಲ್ ರೂಮಿಗೆ ಫೋನು ಮಾಡಿ ಕೇಳಿದಳು. ಮೇಲಿನವರನ್ನು ವಿಚಾರಿಸಿ ಹೇಳುತ್ತೇನೆ ಎಂದಳು ಹುಡುಗಿ. "ನಿಧಾನಕ್ಕೆ ವಿಚಾರಿಸು ತಾಯಿ, ಅವಸರ ಇಲ್ಲ" ಎಂದು ಡೆಲಿತ್ ಫೋನನ್ನು ಜೇಬಿಗೆ ಹಾಕಿಕೊಂಡಳು.

ತಂತಿ ಹಗ್ಗ ಬಿಗಿದು ಎಳೆಯತೊಡಗಿದಾಗ ಅವಳು ಗೆತಿನ್‌ನನ್ನು ಕೂಗಿದಳು. "ಬಾ ಇಲ್ಲಿ. ಹ್ಯಾಂಡಲ್ ಹಿಡ್ಕೋ. ನೇರ ಇರ್ಬೇಕು. ಬೇರೆ ಯಾರ ಕೈಗೂ ಕೊಡಲ್ಲ ನಾನು." ಗೆತಿನ್ ಬಂದು ಹಿಡಿದ. ಗಾಡಿ ಇಂಚಿಂಚಾಗಿ ಮೇಲೇರುತ್ತಿದ್ದರೆ ಅವನು ಪಕ್ಕದಲ್ಲೇ ಹೆಜ್ಜೆ ಹಾಕಿದ. ಮೂಗಿನ ತುದಿಯಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೇಲೆ ಹತ್ತಿದ ಮೇಲೆ ಡೆಲಿತ್ ನಾಲ್ಕರ ಬದಲು ಎಂಟು ಪಟ್ಟಿ ಬಿಗಿದಳು. ಆಮೇಲೆ ಹ್ಯಾಂಡಲ್ ಹಿಡಿದು ಜಗ್ಗಿದಳು. ಲಾರಿ ಅಲ್ಲಾಡಿತು.

ಎಲುನೆಡ್ ಡೆಲಿತ್‌ಳ ಪಕ್ಕದ ಸೀಟಿನಲ್ಲಿ ಕೂತಳು. ಡೆಲಿತ್ ಚಾವಿ ತಿರುಗಿಸಿದಾಗ ಲಾರಿಯ ತಲೆಯ ಮೇಲಿನ ಹಳದಿ ದೀಪ ಸುತ್ತತೊಡಗಿತು.

"ದೀಪ ಆರಿಸ್ಲಾ?"

"ಉರೀಲಿ ಬಿಡು. ನೋಡೋರು ನೋಡ್ಲಿ."

ಲಾರಿ ಮುಂದೆ, ಅರವತ್ತು ಗಾಡಿ ಹಿಂದೆ. ಮೊದಲನೇ ಬೆಟ್ಟ ಹತ್ತುವವರೆಗೂ ಎಲುನೆಡ್ ಹಿಂದಿನ ಸಣ್ಣ ಕಿಟಕಿಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಅಲ್ಲಿಂದ ಗಾಜಿನ ಪೆಟ್ಟಿಗೆ, ಅದರೊಳಗೆ ಮರದ ಪೆಟ್ಟಿಗೆ, ಅದರ ಮೇಲೆ ಇಡ್ವಾಲ್‌ನ ಕೈಗವಸುಗಳು ಕಾಣುತ್ತಿದ್ದವು.

"ಬೀಳಲ್ಲ ಕಣೇ" ಎಂದಳು ಡೆಲಿತ್. "ನಾನು ಕಟ್ಟಿದ್ದು."

"ಬೀಳುತ್ತೆ ಅಂತ ನೋಡ್ತಿಲ್ಲ" ಎಂದಳು ಎಲುನೆಡ್. "ಮದುವೆ ಆದಾಗಿಂದ ಇದೇ ಮೊದಲು ನೋಡು, ಅವನು ರಸ್ತೇಲಿದ್ದಾನೆ, ಎಲ್ಲಿದ್ದಾನೆ ಅಂತ ನಂಗೆ ಗೊತ್ತಿದೆ."

ಗೇರು ಬದಲಿಸುವ ಅಗತ್ಯವಿರಲಿಲ್ಲ, ಆದರೂ ಡೆಲಿತ್ ಬದಲಿಸಿದಳು.

ಎರಡೂವರೆಗೆ ಇನ್ನೂ ಹೊತ್ತಿರುವಾಗಲೇ ಆಬರ್ ತಲುಪಿದರು. ಚಿತಾಗಾರದ ಬಾಗಿಲಿನಲ್ಲಿದ್ದಾತ ಲಾರಿಯನ್ನು ನೋಡಿ, "ಇದು ತಪ್ಪು ಜಾಗ, ಗ್ಯಾರೇಜು ಆ ಕಡೆ" ಎಂದು ಕೈ ತೋರಿಸಿದ. ಎಲುನೆಡ್ ನಕ್ಕುಬಿಟ್ಟಳು. ಗಾಡಿ ಇಳಿಸಲು ಹೋಗಲಿಲ್ಲ. ಆರು ಜನ ಲಾರಿಯ ಮೇಲಿಂದಲೇ ಪೆಟ್ಟಿಗೆಯನ್ನು ಹೆಗಲಿಗೆ ತೆಗೆದುಕೊಂಡರು. ಒಳಗೆ ಡೆಲಿತ್ ತನ್ನ ಕಿತ್ತಳೆ ಜಾಕೀಟಿನಲ್ಲೇ ಕೊನೆಯ ಸಾಲಿನಲ್ಲಿ ನಿಂತು, ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥನಾಗೀತೆ ಹಾಡಿದಳು.

ಎಲ್ಲ ಮುಗಿದ ಮೇಲೆ ಅವಳು ಹೊರಗೆ ಪಟ್ಟಿಗಳನ್ನು ಸುತ್ತುತ್ತಿದ್ದಾಗ ಗೆತಿನ್ ಬಂದ. ಅವನ ಹಿಂದೆ ಇನ್ನೂ ಐದಾರು ಜನ, ಏನೂ ಕೆಲಸವಿಲ್ಲದವರ ಹಾಗೆ ಅಲ್ಲಿ ಇಲ್ಲಿ ನೋಡುತ್ತ ನಿಂತರು.

"ನಿನ್ನ ನಂಬರ್ ಕೊಡು" ಎಂದ ಗೆತಿನ್.

"ಲಾರಿ ಪಕ್ಕೇಲಿ ನಿನ್ನಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆ. ಇಷ್ಟು ವರ್ಷ ಕಾಣಲಿಲ್ವಾ?"

"ನಂಗಲ್ಲ ಮಾರಾಯ್ತಿ. ನನ್ನ ಹೆಂಡ್ತಿ ಶಾನ್‌ಗೆ. ಮನೇಲಿ ಅವಳ ಹತ್ರ ಇರ್ಲಿ ಅಂತ."

"ನಿನ್ನ ಗಾಡಿ ಯಾವ ಬೇಲಿ ಪಕ್ಕ ಬಿದ್ದಿದೆ ಅಂತ ಮನೇಲಿರೋ ಹೆಂಡತಿಗೆ ಕನಸು ಬೀಳುತ್ತೇನೋ? ಫೋನ್ ಮಾಡ್ಬೇಕಾದೋನು ನೀನು. ಮೊದಲು ಅವಳಿಗೆ ಮಾಡು. ಆಮೇಲೆ ನಂಗೆ."

ಗೆತಿನ್ ಗಡ್ಡ ಕೆರೆದುಕೊಂಡ. ಹಿಂದಿನವರು ಬೂಟು ನೋಡಿಕೊಂಡರು. ಆಮೇಲೆ ಅವನು ಜೇಬಿನಿಂದ ಫೋನು ತೆಗೆದು, ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಮಾಡಿಯೇಬಿಟ್ಟ. ಶಾನ್‌ಳ ದನಿ ಡೆಲಿತ್‌ವರೆಗೂ ಕೇಳಿಸಿತು.

"ಗೆತಿನ್? ಏನಾಯ್ತು? ಎಲ್ಲಿ ಬಿದ್ದೆ? ಆಸ್ಪತ್ರೇನಾ?"

"ಬಿದ್ದಿಲ್ಲ ಕಣೇ. ಏನೂ ಆಗಿಲ್ಲ. ಆಬರ್‌ನಲ್ಲಿದ್ದೀನಿ, ಈಗ ಹೊರಡ್ತಿದ್ದೀನಿ." ಅವನು ಸ್ವಲ್ಪ ತಡೆದ. "ಎಲ್ಲಿದ್ದೀನಿ ಅಂತ ಹೇಳೋಕೆ ಮಾಡ್ದೆ, ಅಷ್ಟೇ."