ಸ್ಪಷ್ಟವಾಗಿ ಮಾತನಾಡಿದ ಮ್ಯಾನೇಜರು

ಹನ್ನೆರಡು ವರ್ಷ ಪತ್ರಿಕೆಗಾಗಿ ಊರಿನವರ ಭಾಷಣಗಳನ್ನೆಲ್ಲ ಬರೆದುಕೊಂಡಿದ್ದೇನೆ. ನಾನಾಗಿ ಒಂದನ್ನೂ ಮಾಡಿಲ್ಲ. ಇಂಥವನು ಇನ್ನೊಬ್ಬರಿಗೆ ಮಾತು ಕಲಿಸಲು ಹೊರಟದ್ದು ಹೇಗೆಂದು ನೀವು ಕೇಳಬಹುದು. ಪತ್ರಿಕೆಯವರಿಗೆ ತಿಳಿಯದ ವಿಷಯವಿಲ್ಲವೆಂದು ಹುಬ್ಬಳ್ಳಿಯ ಜನ ನಂಬಿದ್ದಾರೆ. ಆ ನಂಬಿಕೆಯನ್ನು ನಾವೂ ಅಲ್ಲಗಳೆದಿಲ್ಲ.

ರಾಜ್ಯ ಒಂದಾದ ಮೇಲೆ ನಮ್ಮಲ್ಲಿ ಸಭೆಗಳು ವಿಪರೀತ ಹೆಚ್ಚಿದವು. ಮೊದಲು ಕಾಗದದಲ್ಲೇ ಮುಗಿಯುತ್ತಿದ್ದ ಸಂಗತಿಯನ್ನು ಈಗ ಮ್ಯಾನೇಜರಾದವನು ಎದ್ದು ನಿಂತು, ಗೋಡೆಯ ನಕ್ಷೆಗೆ ಕೋಲು ತೋರಿಸಿ ಹೇಳಬೇಕು. ಧಾರವಾಡದಿಂದ ಮುಂಜಾನೆಯ ರೈಲುಗಾಡಿಯಲ್ಲಿ ಇಡೀ ಡಬ್ಬಿಯನ್ನು ನಗಿಸುತ್ತ ಬರುವ ಮನುಷ್ಯ, ಆ ಕೋಲು ಹಿಡಿದ ಕೂಡಲೇ ತನ್ನ ಹೆಸರನ್ನೇ ಹುಡುಕತೊಡಗುತ್ತಾನೆ. ಕುಳಿತಾಗ ಇದ್ದ ಬುದ್ಧಿ ನಿಂತಾಗ ಎಲ್ಲಿಗೆ ಹೋಗುತ್ತದೆ? ನಮ್ಮ ಹಿರಿಯರು ಪುರಾಣವನ್ನು ಕುಳಿತು ಹೇಳಿದರು. ಧಾರವಾಡದ ಗವಾಯಿಗಳು ಈಗಲೂ ಕುಳಿತೇ ಹಾಡುತ್ತಾರೆ. ನಿಲ್ಲಿಸಿ ಮಾತನಾಡಿಸುವುದು ಕೋರ್ಟಿನ ಪದ್ಧತಿ. ನಿಂತವನಿಗೆ ತಾನು ಆರೋಪಿ ಅನ್ನಿಸಿದರೆ ಆಶ್ಚರ್ಯವಿಲ್ಲ.

ಗೋವಿಂದರಾಯರು ಹೀಗೆ ನಿಂತಲ್ಲಿ ಕಳೆದುಹೋಗುವವರಲ್ಲಿ ಒಬ್ಬರು. ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರ ಮ್ಯಾನೇಜರು. ಬೀಜ ಬಿಡಿಸುವ ಜಿನ್ನಿಗೆ ಹಾಕುವ ಮುನ್ನ ಹತ್ತಿಯಿಂದ ಎಲೆ, ಕಡ್ಡಿ ಆರಿಸಲು ಅಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಹೆಚ್ಚಿನವರು ಬೈರಿದೇವರಕೊಪ್ಪದಿಂದ ನಡೆದು ಬರುವವರು. ಆ ವಿಭಾಗ ಇನ್ನೂ ಬೇಕೇ ಎಂದು ಮಾಲೀಕರ ಮಂಡಳಿ ಪ್ರತಿ ವರ್ಷ ಕೇಳುತ್ತಿತ್ತು. ರಾಯರು ಪ್ರತಿ ವರ್ಷ ಎದ್ದು, ಮಳೆಯಿಂದ ಆರಂಭಿಸಿ, ಅಮ್ಮಿನಬಾವಿಯ ಎರೆಹೊಲಗಳನ್ನು ಹಾಯ್ದು, ರೈಲ್ವೆ ವ್ಯಾಗನ್ ಸಿಗದ ಕಷ್ಟದಲ್ಲಿ ಸಿಕ್ಕಿಕೊಂಡು ಕುಳಿತುಬಿಡುತ್ತಿದ್ದರು. ಮಂಡಳಿಗೆ ಏನೂ ತಿಳಿಯದೆ ವಿಷಯ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

"ವರ್ಷಾ ವರ್ಷಾ ಜೀವ ಕೈಯಾಗ ಹಿಡಕೊಂಡು ಕುಂದ್ರೂದು ಸಾಕಾಗೈತ್ರಿ ಸಾಹೇಬ್ರ. ಈ ಸಲ ಒಂದು ಗಟ್ಟಿ ಮಾಡಿ ಬರ್ರಿ," ಎಂದು ಹೆಂಗಸರಲ್ಲಿ ಹಿರಿಯಳಾದ ಗಂಗವ್ವ ಹೇಳಿದಳಂತೆ. ಮಾತನಾಡುವುದನ್ನು ಕಲಿಸಿರೆಂದು ರಾಯರು ನೆಟ್ಟಗೆ ನನ್ನ ಕಚೇರಿಗೆ ಬಂದರು.

ಕಾರ್ಖಾನೆಯ ಗೋದಾಮಿನಲ್ಲಿ ಐದು ಹತ್ತಿ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಸಾಲಾಗಿ ಇರಿಸಿ, ಅವನ್ನೇ ಮಂಡಳಿಯೆಂದು ತಿಳಿದು ಮಾತನಾಡಲು ರಾಯರನ್ನು ಹಚ್ಚಿದೆ. ಪಕ್ಕದಲ್ಲೇ ಹೆಂಗಸರು ಹತ್ತಿ ಆರಿಸುತ್ತಿದ್ದರು.

"ನಡುವಿನ ದೊಡ್ಡ ಅಂಡಿಗಿ ಅಧ್ಯಕ್ಷರೇನ್ರಿ?" ಎಂದಳು ಗಂಗವ್ವ. "ಹೊಟ್ಟಿ ಏನೋ ಹಂಗ ಐತಿ. ಆದ್ರ ಇದು ನಡುವ ಬಾಯಿ ಹಾಕೂದಿಲ್ಲ ನೋಡ್ರಿ!"

ನನಗೆ ಗೊತ್ತಿದ್ದದ್ದು ಪತ್ರಿಕೆಯ ನಿಯಮಗಳು ಮಾತ್ರ. ಮುಖ್ಯವಾದದ್ದನ್ನು ಮೊದಲು ಹೇಳಿ. ವಾಕ್ಯ ಚಿಕ್ಕದಿರಲಿ. ಎದುರಿನ ವಾದವನ್ನು ಮುಚ್ಚಿಡಬೇಡಿ. ಅದನ್ನೂ ನೀವೇ ಒಂದು ಸಾಲಿನಲ್ಲಿ ಹೇಳಿ ಉತ್ತರ ಕೊಟ್ಟರೆ ಕೇಳುವವರು ನಂಬುತ್ತಾರೆ. ರಾಯರು ಹದಿನೈದು ದಿನ ಶ್ರದ್ಧೆಯಿಂದ ಕಲಿತರು.

ವರದಿಗೆಂದು ನಾನೂ ಸಭೆಯ ಮೂಲೆಯಲ್ಲಿದ್ದೆ. ರಾಯರು ಎದ್ದು ಕೋಲು ಹಿಡಿದರು. "ಹತ್ತಿ ಆರಿಸುವ ವಿಭಾಗ ಉಳಿಯಬೇಕು. ಈ ಕೆಲಸಕ್ಕೆ ಈಗ ಯಂತ್ರ ಬಂದಿದೆ, ನಿಜ. ಆದರೆ ಯಂತ್ರ ಬಿಟ್ಟ ಕಡ್ಡಿಯನ್ನು ಈ ಕೈಗಳು ಬಿಡುವುದಿಲ್ಲ." ಪತ್ರಿಕೆಯ ಮೊದಲ ಪುಟಕ್ಕೆ ಹಾಗೇ ಹಾಕಬಹುದಾಗಿತ್ತು.

ಅಧ್ಯಕ್ಷರು ಮೇಜು ಕುಟ್ಟಿದರು. "ಭಾಳ ಛಲೋ ಮಾತಾಡಿದ್ರಿ ರಾಯರ! ಇಷ್ಟು ವರ್ಷದಾಗ ಇವತ್ತ ನೋಡ್ರಿ ನಮಗ ತಿಳಿದದ್ದು. ಅಂಥಾ ಮಶೀನ್ ಬಂದೈತಿ ಅಂತ ಯಾರೂ ಹೇಳಿದ್ದಿಲ್ಲ. ಲಗೂ ತರಸೋಣಂತ."

ಕೈಗಳ ಬಗೆಗಿನ ವಾಕ್ಯ ಯಾರಿಗೂ ಕೇಳಿಸಿರಲಿಲ್ಲ. ರಾಯರ ಮಳೆ, ಎರೆಹೊಲ, ವ್ಯಾಗನ್ನುಗಳು ಅಷ್ಟು ವರ್ಷ ಆ ಇಪ್ಪತ್ತೆರಡು ಜನರನ್ನು ಕಾಯ್ದಿದ್ದವು. ಅದನ್ನು ದೋಷವೆಂದು ತಿಳಿದು ತಿದ್ದಿದವನು ನಾನು. "ಮ್ಯಾನೇಜರು ವಿಷಯವನ್ನು ಸ್ಪಷ್ಟವಾಗಿ ಮಂಡಿಸಿದರು" ಎಂದು ವರದಿ ಬರೆದೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಯಂತ್ರ ತರಿಸುವ ಮುನ್ನ ಮಂಡಳಿ ಇನ್ನೊಮ್ಮೆ ಸೇರುವುದಿತ್ತು. ಗಂಗವ್ವ ನನ್ನ ಕಚೇರಿಯ ಮೆಟ್ಟಿಲ ಹತ್ತಿರ ನಿಂತು ಕೇಳಿದಳು: "ಸಾಹೇಬ್ರಿಗೆ ಕಲಿಸಿದ್ರಲ್ಲಾ, ಅದನ್ನ ಮರಸಾಕ ಬರತೈತೇನ್ರಿ?"

ಪ್ರಯತ್ನಿಸಿದೆವು. ಮತ್ತೆ ಅದೇ ಗೋದಾಮು. ರಾಯರು ಎದ್ದು ನಿಂತು ಮಳೆಯಿಂದ ಆರಂಭಿಸಿದರು. ಎರಡನೆಯ ವಾಕ್ಯಕ್ಕೇ ಮಳೆಗೂ ಹತ್ತಿಯ ಕಸಕ್ಕೂ ಇರುವ ಸಂಬಂಧ ಹಗಲಿನಷ್ಟು ನಿಚ್ಚಳವಾಯಿತು. ವ್ಯಾಗನ್ನಿಗೆ ಹೋದರು, ಅದೂ ಮೂರು ಸಾಲಿನಲ್ಲಿ ಅಚ್ಚುಕಟ್ಟಾಗಿ ಮುಗಿಯಿತು. ಬೆವರು ಒರೆಸಿಕೊಂಡು, "ಮೊದಲ ಹ್ಯಾಂಗ ಮಾತಾಡ್ತಿದ್ದೆ, ನನಗ ನೆನಪ ಆಗವಲ್ದು," ಎಂದರು. ನನ್ನನ್ನು ನೋಡಿದರು. ನಾನು ಟಿಪ್ಪಣಿ ಪುಸ್ತಕ ನೋಡಿದೆ.

ಹೆಂಗಸರು ಹತ್ತಿ ಆರಿಸುತ್ತಲೇ ಇದ್ದರು. ಗಂಗವ್ವ ಮಾತ್ರ, ಸಣ್ಣ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಇರ್ಲಿ ಬಿಡ್ರಿ ಸಾಹೇಬ್ರ. ಈಗ ನೀವು ಖರೇನ ಛಲೋ ಮಾತಾಡ್ತೀರಿ," ಎಂದು ಹೇಳಿ, ಕೈಯಲ್ಲಿದ್ದ ಹತ್ತಿಯಿಂದ ಒಂದು ಕಡ್ಡಿ ತೆಗೆದು ಪಕ್ಕಕ್ಕೆ ಹಾಕಿದಳು.