ಜಾಹೀರಾತಿನಲ್ಲಿದ್ದ ಕೈ

ಫೋಟೋಗ್ರಾಫರ ಹೆಂಡತಿಗೆ ಗಂಡನ ಮೇಲೆ ಅನುಮಾನ ಹುಟ್ಟಿದ್ದು ಬಸ್ ನಿಲ್ದಾಣದಲ್ಲಿ. ಅಲ್ಲಿನ ಗೋಡೆಗೆ ಕೈಗೆ ಹಚ್ಚುವ ಕ್ರೀಮಿನ ಜಾಹೀರಾತು ಅಂಟಿಸಿದ್ದರು. ನೀಳ ಬೆರಳು, ತಿದ್ದಿದ ಉಗುರು, ಒಂದು ಗೀರೂ ಇಲ್ಲದ ನುಣುಪು ಕೈ. ಚಿತ್ರ ತೆಗೆದವರು ತನ್ನ ಯಜಮಾನರೇ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಆ ಕೈ ಯಾರದೆಂಬುದು. ಬಟ್ಟೆ ಒಗೆದೊಗೆದು ಒರಟಾಗಿದ್ದ ತನ್ನ ಕೈಯನ್ನು ತರಕಾರಿ ಚೀಲದ ಹಿಂದೆ ಸರಿಸಿಕೊಂಡಳು.

"ಆ ಕ್ರೀಮಿನ ಕೈ ಯಾರದು?" ಎಂದು ಊಟಕ್ಕೆ ಬಡಿಸುವಾಗ ಕೇಳಿದಳು.

"ಕಂಪನಿಯವರು ಯಾರನ್ನೋ ಕಳಿಸ್ತಾರೆ," ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ.

ಎರಡು ತಿಂಗಳಿಗೆ ಕೈಗಡಿಯಾರ ಕಂಪನಿಯ ಕ್ಯಾಲೆಂಡರ್ ಬಂತು. ಅದರಲ್ಲೂ ಅದೇ ಕೈ. ಮತ್ತೆ ಕೇಳಿದಳು. "ಇಲ್ಲೇ ಯಾರೋ ಬರ್ತಾರೆ, ಬಿಡು," ಎಂದರು. ಒಂದೇ ಪ್ರಶ್ನೆಗೆ ಎರಡು ಉತ್ತರ. ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು ಅವಳಿಗೆ.

ಹಾಗೆ ನೋಡಿದರೆ ಅವರು ಯಾರ ಬಾಯಿಗೂ ಬಿದ್ದವರಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಸ್ಟುಡಿಯೋ, ಅದು ಬಿಟ್ಟರೆ ಮನೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆಲ್ಲ "ಗಲ್ಲ ಕೆಳಗೆ, ಗಲ್ಲ ಕೆಳಗೆ" ಎಂದು ಹೇಳಿ ಹೇಳಿ ಬೀದಿಯಲ್ಲಿ ಅವರ ಹೆಸರೇ 'ಗಲ್ಲ ಕೆಳಗೆ' ಎಂದಾಗಿಬಿಟ್ಟಿತ್ತು. ಇಬ್ಬರು ಹೆಣ್ಣುಮಕ್ಕಳ ಜಡೆ ಹಾಕುತ್ತಿದ್ದವರೂ ಅವರೇ. ಬೈತಲೆ ಒಂದು ಎಳೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುವರು. ಹೆಂಡತಿಗೆ ಜ್ವರ ಬಂದರೆ ಸ್ಟುಡಿಯೋಕ್ಕೆ ಬೀಗ ಹಾಕಿ ಬಂದು ಅಡುಗೆಮನೆಗೆ ನುಗ್ಗುವರು, ಅನ್ನ ಸೀಯಿಸುವರು.

ಆದರೆ ಅವರ ಕಸುಬು ಎಂಥದೆಂದು ಹೆಂಡತಿ ಹತ್ತಿರದಿಂದ ಕಂಡಿದ್ದಳು. ಹಾಲಿನ ಪುಡಿಯ ಜಾಹೀರಾತಿನಲ್ಲಿ ಉಕ್ಕುತ್ತಿದ್ದದ್ದು ಕ್ಷೌರದ ನೊರೆ. ಐಸ್‌ಕ್ರೀಮ್ ಆಗಿ ಕೂತದ್ದು ಬೇಯಿಸಿ ಹಿಸುಕಿದ ಆಲೂಗಡ್ಡೆ. ಸೇಬಿನ ಮೇಲಿನ ಇಬ್ಬನಿ, ಪಿಚಕಾರಿಯಲ್ಲಿ ಎರಚಿದ ಗ್ಲಿಸರಿನ್. ಇಷ್ಟೆಲ್ಲ ಮಾಡಬಲ್ಲ ಮನುಷ್ಯನಿಗೆ ಮನೆಯಲ್ಲಿ ಒಂದು ಸಾಧು ಮುಖ ಹೊತ್ತು ತಿರುಗುವುದು ಏನು ಮಹಾ ಕಷ್ಟ?

ಕ್ರೀಮ್ ಕಂಪನಿಯ ಏಜೆಂಟ್ ಒಂದು ದಿನ ಮನೆಗೆ ಬಂದಾಗ ಮೆಲ್ಲಗೆ ಬಾಯಿ ಬಿಡಿಸಿದಳು. "ನಾವು ಯಾರನ್ನೂ ಕಳಿಸಲ್ಲಮ್ಮ, ಕೈಯ ಏರ್ಪಾಟೆಲ್ಲ ನಿಮ್ಮ ಯಜಮಾನರದೇ," ಎಂದ ಆತ.

ಮರುವಾರವೇ ಹೇಳದೆ ಕೇಳದೆ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಒಳಗಿನಿಂದ ಚಿಲಕ. "ಬಂದೆ, ಬಂದೆ," ಎಂಬ ದನಿಯ ಹಿಂದೆ ಏನೋ ಸರಿದಾಡಿದ ಸದ್ದು. ತೆಗೆದಾಗ ಒಳಗೆ ಗಂಡ, ಜೊತೆಗೆ ಕೆಳಗಿನ ಔಷಧಿ ಅಂಗಡಿಯವನು. ಪೊದೆಮೀಸೆಯ, ಗಡಸು ದನಿಯ ಆಸಾಮಿ. ವರ್ಷವಿಡೀ ತುಂಬುತೋಳಿನ ಅಂಗಿ. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಕೋಣೆಯ ತುಂಬ ಉಗುರು ಬಣ್ಣದ ವಾಸನೆ.

"ತಲೆನೋವಿನ ಮಾತ್ರೆ ಕೊಡೋಕೆ ಬಂದಿದ್ದೆ, ಅತ್ತಿಗೆ," ಎಂದು ಅವನು ಸರಸರನೆ ಇಳಿದುಹೋದ.

ಅವಳು ಪರದೆ ಸರಿಸಿ ನೋಡಿದಳು, ಕತ್ತಲೆಕೋಣೆಗೆ ಹೊಕ್ಕಳು, ಹಿಂದಿನ ಮೆಟ್ಟಿಲಲ್ಲಿ ಬಗ್ಗಿ ನೋಡಿದಳು. ಯಾರೂ ಇಲ್ಲ. ಹಿಂಬಾಗಿಲಿಂದ ದಾಟಿಸಿದ್ದಾರೆ, ಔಷಧಿಯವನು ಕಾವಲಿಗೆ ನಿಂತವನು ಎಂದು ಲೆಕ್ಕ ಹಾಕಿದಳು. ಇಳಿದುಹೋಗಿ ಅವನನ್ನೇ ಹಿಡಿದಳು.

"ನಿಜ ಹೇಳಿ. ಯಾವಳು ಬರ್ತಾಳೆ ಮೇಲೆ?"

"ನಿಮ್ಮಾಣೆಗೂ ಯಾವ ಹೆಂಗಸೂ ಬರಲ್ಲ ಅತ್ತಿಗೆ," ಎಂದ ಅವನು, ಕಪಾಟಿನ ಕಡೆ ತಿರುಗಿಕೊಂಡೇ.

ಮುಖ ಕೊಟ್ಟು ಮಾತಾಡದವನ ಆಣೆಯನ್ನು ಅವಳು ನಂಬಲಿಲ್ಲ. ಅಂದಿನಿಂದ ಊರಿನ ಹೆಂಗಸರ ಮುಖ ನೋಡುವುದನ್ನೇ ಬಿಟ್ಟು ಕೈ ನೋಡತೊಡಗಿದಳು. ಟಿಕೆಟ್ ಹರಿದುಕೊಡುವವಳ ಕೈ, ಮಕ್ಕಳ ಶಾಲೆಯ ಟೀಚರ ಕೈ, ಎದುರುಮನೆಯ ಸೊಸೆಯ ಕೈ. ಬ್ಯಾಂಕಿನ ಗುಮಾಸ್ತೆಯ ಬೆರಳು ಉದ್ದವಿದ್ದವೆಂದು ಸುಮ್ಮನೆ ಎರಡು ಸಲ ಸಾಲಿನಲ್ಲಿ ನಿಂತುಬಂದಳು. ಮನೆಯಲ್ಲಿ ಒಮ್ಮೆ ಜಗಳ ಹತ್ತಿಕೊಂಡು, ಎಂಟು ದಿನ ಮಾತು ಬಿಟ್ಟಳು. ಅವರು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರು. "ನೀನು ಅಂದ್ಕೊಂಡಿರೋ ಹಾಗಿಲ್ಲ ಕಣೇ" ಎಂದರೇ ವಿನಾ ಮುಂದಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಕೈ ಮಾತ್ರ ಬರುತ್ತಲೇ ಇತ್ತು: ಉಂಗುರದ ಜಾಹೀರಾತಿನಲ್ಲಿ, ಸೋಪಿನ ಪೊಟ್ಟಣದ ಮೇಲೆ. ಹೀಗೆ ಹದಿನಾಲ್ಕು ವರ್ಷ.

ಒಂದು ಮಧ್ಯಾಹ್ನ ಪ್ರೆಶರ್ ಕುಕ್ಕರಿನ ಮೇಲೆ ಬೆಳಕು ಹೊಂದಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ಔಷಧಿ ಅಂಗಡಿಯವನೇ. ಅವತ್ತು ಅವನು ಮಗುವಿನ ಹಾಗೆ ಅತ್ತ. ಅದನ್ನೂ ಅವಳು ಓರೆಗಣ್ಣಿನಲ್ಲೇ ನೋಡಿದಳು.

ಅಪ್ಪನ ಕೆಲಸ ಕಲಿತಿದ್ದ ದೊಡ್ಡ ಮಗಳು ಸ್ಟುಡಿಯೋ ನಡೆಸುತ್ತೇನೆ ಎಂದಳು. ತಾಯಿ ಮಗಳಿಬ್ಬರೂ ಅಲ್ಲಿನ ಬೀರು ತೆಗೆದು ಒಪ್ಪ ಮಾಡುತ್ತಿರುವಾಗ, ಮೇಲೆ 'ಕೈ' ಎಂದು ಬರೆದ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಉಗುರು ಬಣ್ಣದ ಶೀಶೆಗಳು, ಕ್ಷೌರದ ಬ್ಲೇಡು, ಅಡಿಯಲ್ಲಿ ನೆಗೆಟಿವ್‌ಗಳು.

"ಜಾಹೀರಾತಿನಲ್ಲಿ ಬರೋದು ಕತ್ತರಿಸಿದ ಚಿತ್ರ ಅಮ್ಮ. ನೆಗೆಟಿವ್‌ನಲ್ಲಿ ಪೂರ್ತಿ ಇರುತ್ತೆ," ಎಂದು ಮಗಳು ಒಂದು ಪಟ್ಟಿಯನ್ನು ಬೆಳಕಿನ ಗಾಜಿನ ಮೇಲಿಟ್ಟಳು.

ತಾಯಿ ಭೂತಗನ್ನಡಿ ಹಿಡಿದು ಬಗ್ಗಿದಳು. ಮೇಜಿನ ಮೇಲೆ ಚಾಚಿದ ಕೈ. ಅದರ ಹಿಂದೆ ಮೊಣಕೈವರೆಗೆ ಮಡಿಸಿದ ತೋಳು, ಅಂಗಿಯ ಜೇಬು, ಜೇಬಿನಲ್ಲಿ ಎರಡು ಪೆನ್ನು. ಮೇಲೆ ಚಿತ್ರದ ಅಂಚಿನಲ್ಲಿ ದಟ್ಟವಾದ ಬಿಳಿ ಮೀಸೆ.

"ಯಾರೋ ಮುದುಕ ಕಣೇ."

"ನೆಗೆಟಿವ್‌ನಲ್ಲಿ ಕಪ್ಪು ಬಿಳಿಯಾಗಿ ಕಾಣುತ್ತಮ್ಮ. ಇದು ಕರೀ ಮೀಸೆ," ಎಂದ ಮಗಳು ನಗು ತಡೆಯಲಾರದೆ ಗೋಡೆಗೆ ಒರಗಿದಳು. "ನಮ್ಮ ಔಷಧಿ ಅಂಗಡಿ ಚಿಕ್ಕಪ್ಪ."

ತಾಯಿ ಅಷ್ಟಕ್ಕೇ ಬಿಡಲಿಲ್ಲ. ನಡುವೆ ಎಲ್ಲಾದರೂ ಒಬ್ಬಳು ಸಿಕ್ಕಾಳೆಂದು ಪೆಟ್ಟಿಗೆಯ ಕೊನೆಯ ಪಟ್ಟಿಯವರೆಗೂ ನೋಡಿದಳು. ಎಲ್ಲದರಲ್ಲೂ ಅವನೇ. ಆಮೇಲೆ ಕೆಳಗಿಳಿದು ಅಂಗಡಿಯ ಕಟ್ಟೆಯ ಮುಂದೆ ನಿಂತಳು.

"ಕೈ ತೋರಿಸಿ."

ಅವನಿಗೆ ಅರ್ಥವಾಯಿತು. ಮಾತ್ರೆ ಎಣಿಸುತ್ತಿದ್ದ ಕೈಯನ್ನು ಗಾಜಿನ ಮೇಲಿಟ್ಟ. ಹದಿನಾಲ್ಕು ವರ್ಷ ಔಷಧಿ ಪೊಟ್ಟಣ ಇಸಿದುಕೊಂಡದ್ದು ಇದೇ ಕೈಯಿಂದ. ಮೀಸೆ ಇದ್ದವನ ಕೈಯನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

"ನಾನೇ ಬಾಯಿ ಕಟ್ಟಿದ್ದು ಅತ್ತಿಗೆ," ಎಂದ ಅವನು. "ಉಗುರಿಗೆ ಬಣ್ಣ ಹಾಕ್ಕೊಳ್ತೀನಿ ಅಂತ ಗೊತ್ತಾದರೆ ಈ ಬೀದಿಯಲ್ಲಿ ತಲೆ ಎತ್ತಿ ಓಡಾಡೋಕಾಗ್ತಿತ್ತಾ? ನಿಮ್ಮ ಜಗಳ ಆದಾಗ ಅಣ್ಣ ಬಂದು, ಅವಳಿಗೊಬ್ಬಳಿಗೆ ಹೇಳ್ತೀನಿ ಕಣಯ್ಯ ಅಂದರು. ನಾನು ಕೈಮುಗಿದು ಬೇಡ ಅಂದೆ. ಆಡಿದ ಮಾತಿಗೆ ಕಟ್ಟುಬಿದ್ದರು."

"ನಾನು ಬೆಂದದ್ದು ಯಾರ ಲೆಕ್ಕಕ್ಕೆ?"

ಸಿಟ್ಟಿನ ಜೊತೆಗೇ ಅವಳಿಗೆ ಗಂಡನ ಮೇಲೆ ಕನಿಕರವೂ ಬಂತು. ಎಂಟು ದಿನ ಮಾತಿಲ್ಲದೆ ಉಂಡು ಎದ್ದಿದ್ದರಲ್ಲ ಪಾಪ. ಆದರೆ ಆ ಪಾಪದ ಬೆನ್ನಿಗೇ ಇನ್ನೊಂದು ಸಂಶಯ ತಲೆ ಎತ್ತಿತು.

"ನಾನು ಊರ ಹೆಂಗಸರ ಕೈ ನೋಡ್ತಾ ತಿರುಗ್ತಿದ್ದದ್ದು ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಗ್ತಿದ್ದರಾ?"

ಅವನು ಗಾಜು ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಒಂಚೂರು," ಎಂದ.

ಅವಳು ಮೇಲೆ ಹತ್ತಿ, ಕಿಟಕಿಯ ಬಳಿ ಗಂಡನ ಸ್ಟೂಲಿನ ಮೇಲೆ ಕೂತಳು. ಬ್ಯಾಂಕಿನ ವಿಷಯವನ್ನು ಅವರಿಗೆ ಹೇಳಿದವರು ಯಾರು, ಆ ಉದ್ದ ಬೆರಳಿನ ಗುಮಾಸ್ತೆಯೇ ಇರಬಹುದೇ ಎಂಬುದು ಅವಳಿಗೆ ಇಂದಿಗೂ ತಿಳಿದಿಲ್ಲ.